ಮೂರು ಬಣ್ಣ, ಮೂರು ಉತ್ತರ: ಕೋಶ ಹೇಗೆ ಸತ್ತಿತು?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಸ್ತನ ಕ್ಯಾನ್ಸರ್‌ನಿಂದ ಬಂದ ಎಂಸಿಎಫ್-7 ಕೋಶಗಳ ಮೇಲೆ ಒಂದು ಸಸ್ಯಸಾರದ ಪರಿಣಾಮವನ್ನು ಪರೀಕ್ಷಿಸುತ್ತಿದ್ದೇನೆ. ಸಾರ ಕೊಟ್ಟು 24 ಗಂಟೆಗಳಾದ ಮೇಲೆ ಅನೆಕ್ಸಿನ್-5 ಮತ್ತು ಪ್ರೊಪಿಡಿಯಂ ಅಯೋಡೈಡ್ ಹಾಕಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಓದುವ ಫ್ಲೋ ಸೈಟೋಮೀಟರ್‌ನಲ್ಲಿ ಓದಿದಾಗ ಶೇ 40ರಷ್ಟು ಕೋಶಗಳು ಎರಡೂ ಬಣ್ಣಗಳನ್ನು ಹಿಡಿದಿದ್ದವು. ಆದರೆ ಕೋಶದ ಕ್ರಮಬದ್ಧ ಸಾವಿನಲ್ಲಿ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವವಾದ ಕ್ಯಾಸ್ಪೇಸ್-3ರ ಸಕ್ರಿಯ ರೂಪಕ್ಕೆ ಅಂಟುವ ಪ್ರತಿಕಾಯ ಹಾಕಿದರೆ ಏನೂ ಹೊಳೆಯುವುದಿಲ್ಲ. ಡಿಎನ್‌ಎ ತುಂಡಾಗಿದೆಯೇ ಎಂದು ತೋರಿಸುವ ಟನೆಲ್ ಪರೀಕ್ಷೆಯಲ್ಲೂ ಹೊಳಪು ಬಹಳ ಮಂದ. ಇದು ಅಪೊಪ್ಟೋಸಿಸ್, ಅಂದರೆ ಆ ಕ್ರಮಬದ್ಧ ಸಾವು, ಹೌದೋ ಅಲ್ಲವೋ? ಮೂರರಲ್ಲಿ ಯಾವುದನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ಮನಸ್ಸಿಗೆ ಸಮಾಧಾನವಾಗುವ ಮಾತು. ಕ್ಯಾಸ್ಪೇಸ್-3 ಹೊಳೆಯದಿರುವುದರಲ್ಲಿ ನಿಮ್ಮ ಕೈತಪ್ಪು ಇಲ್ಲ. ಎಂಸಿಎಫ್-7 ಕೋಶಗಳಲ್ಲಿ ಆ ಕಿಣ್ವವೇ ಇಲ್ಲ. ಅದನ್ನು ತಯಾರಿಸುವ ಜೀನ್‌ನಲ್ಲಿ 47 ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವುದರಿಂದ ಪ್ರೋಟೀನ್ ರೂಪುಗೊಳ್ಳುವುದೇ ಇಲ್ಲ. 1998ರಿಂದಲೇ ಇದು ತಿಳಿದ ಸಂಗತಿ. ಇಲ್ಲದ ವಸ್ತುವಿಗೆ ಪ್ರತಿಕಾಯ ಅಂಟುವುದಾದರೂ ಹೇಗೆ? ಟನೆಲ್ ಮಂದವಾಗಿರುವುದಕ್ಕೂ ಕಾರಣ ಇದೇ ಇರಬಹುದು. ಡಿಎನ್‌ಎಯನ್ನು ತುಂಡರಿಸುವ ಕಿಣ್ವವನ್ನು ಅದರ ಕಟ್ಟಿನಿಂದ ಬಿಡಿಸುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಕ್ಯಾಸ್ಪೇಸ್-3.

ಎರಡನೆಯ ಮಾತು ಅಷ್ಟು ಹಿತವಾದುದಲ್ಲ. ನಿಮ್ಮ ಶೇ 40 ಕೂಡ ಅಪೊಪ್ಟೋಸಿಸ್ ಅನ್ನು ಸಾಬೀತು ಮಾಡುವುದಿಲ್ಲ. ನೀವು ಮಾಡಿದ ಮೂರು ಪರೀಕ್ಷೆಗಳಲ್ಲಿ ಯಾವುದೂ ಸಾವನ್ನು ನೋಡುವುದಿಲ್ಲ. ಒಂದು ಪೊರೆಯಲ್ಲಿ ಆದ ಬದಲಾವಣೆಯನ್ನು ನೋಡುತ್ತದೆ, ಇನ್ನೊಂದು ಒಂದು ಕಿಣ್ವವನ್ನು ನೋಡುತ್ತದೆ, ಮತ್ತೊಂದು ಡಿಎನ್‌ಎಯ ತುದಿಗಳನ್ನು ಎಣಿಸುತ್ತದೆ. ಆದ್ದರಿಂದ ಯಾವುದನ್ನು ನಂಬಬೇಕೆಂದು ಕೇಳುವ ಮೊದಲು, ಯಾವ ಬಣ್ಣ ಯಾವ ಗಳಿಗೆಯಲ್ಲಿ ಏನನ್ನು ಕಂಡು ಹೊಳೆಯುತ್ತದೆ ಎಂದು ಕೇಳಿಕೊಳ್ಳಬೇಕು.

ಅಪೊಪ್ಟೋಸಿಸ್ ಎಂಬ ಹೆಸರನ್ನು ಕೆರ್, ವೈಲಿ ಮತ್ತು ಕರಿ ಎಂಬ ಮೂವರು 1972ರಲ್ಲಿ ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಇದ್ದ ಪದ. ಹಣ್ಣೆಲೆ ತಾನಾಗಿ ತೊಟ್ಟು ಕಳಚಿಕೊಂಡು ಬೀಳುವುದಕ್ಕೂ ಬಿರುಗಾಳಿಗೆ ಹಸಿರೆಲೆ ಹರಿದು ಬೀಳುವುದಕ್ಕೂ ಇರುವ ಅಂತರವೇ ಅಪೊಪ್ಟೋಸಿಸ್ ಮತ್ತು ನೆಕ್ರೋಸಿಸ್ ನಡುವಿನ ಅಂತರ. ಮೊದಲನೆಯದರಲ್ಲಿ ಕೋಶ ತನ್ನೊಳಗಿನ ಕ್ರಮವನ್ನು ಅನುಸರಿಸಿ ಕುಗ್ಗುತ್ತದೆ, ಕೋಶಕೇಂದ್ರವನ್ನು ಮುದುಡಿಸುತ್ತದೆ, ಪೊರೆ ಒಡೆಯದಂತೆ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬಿಡಿಯಾಗುತ್ತದೆ. ಎರಡನೆಯದರಲ್ಲಿ ಊದಿಕೊಂಡು ಒಡೆದು ಒಳಗಿನದನ್ನೆಲ್ಲ ಹೊರಚೆಲ್ಲುತ್ತದೆ. ಸೀನೊರ್ಯಾಬ್ಡೈಟಿಸ್ ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳು ಬೆಳೆಯುವಾಗ ಅದರ ದೇಹದಲ್ಲಿ ಹುಟ್ಟುವ 1,090 ಕೋಶಗಳಲ್ಲಿ 131 ಹೀಗೆ ಕ್ರಮಬದ್ಧವಾಗಿ ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅವೇ 131. ಇದನ್ನು ಬಿಡಿಸಿ ತೋರಿಸಿದ ಬ್ರೆನರ್, ಹಾರ್ವಿಟ್ಸ್ ಮತ್ತು ಸಲ್‌ಸ್ಟನ್ ಅವರಿಗೆ 2002ರ ನೊಬೆಲ್ ಪ್ರಶಸ್ತಿ ಬಂತು. ಇಷ್ಟು ವರ್ಷಗಳ ನಂತರವೂ ಆ ಲೆಕ್ಕವನ್ನು ನೆನೆದಾಗ ನನಗೆ ರೋಮಾಂಚನವಾಗುತ್ತದೆ.

ಈಗ ಅನೆಕ್ಸಿನ್. ಕೋಶಪೊರೆ ಎರಡು ಪದರಗಳ ಕೊಬ್ಬಿನ ಹಾಳೆ. ಅದರಲ್ಲಿರುವ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬಿನ ಅಣು ಆರೋಗ್ಯವಂತ ಕೋಶದಲ್ಲಿ ಒಳಪದರದಲ್ಲಷ್ಟೇ ಇರುತ್ತದೆ. ಅದು ಹೊರಪದರಕ್ಕೆ ಜಾರಿದೊಡನೆ ಹಿಡಿದು ಒಳಗೆ ತಿರುಗಿಸುವ ಫ್ಲಿಪೇಸ್ ಎಂಬ ಪ್ರೋಟೀನ್ ಶಕ್ತಿಯನ್ನು ವ್ಯಯಿಸುತ್ತ ಹಗಲಿರುಳು ದುಡಿಯುತ್ತಿರುತ್ತದೆ. ಅಪೊಪ್ಟೋಸಿಸ್ ಶುರುವಾದಾಗ ಕ್ಯಾಸ್ಪೇಸ್‌ಗಳು ಆ ಫ್ಲಿಪೇಸ್‌ಅನ್ನು ಕತ್ತರಿಸಿ ನಿಲ್ಲಿಸುತ್ತವೆ. ಜೊತೆಗೆ ಎಕ್ಸ್‌ಕೆಆರ್-8 ಎಂಬ ಮತ್ತೊಂದು ಪ್ರೋಟೀನನ್ನು ಕತ್ತರಿಸಿ ಚಾಲೂ ಮಾಡುತ್ತವೆ. ಅದು ಎರಡು ಪದರಗಳ ಕೊಬ್ಬನ್ನು ಅದಲುಬದಲು ಮಾಡುವ ಸ್ಕ್ರಾಂಬ್ಲೇಸ್. ಹೀಗೆ ಒಳಗಿದ್ದ ಅಣು ಹೊರಮೈಗೆ ಬರುತ್ತದೆ, ಭಕ್ಷಕ ಕೋಶಗಳಿಗೆ ‘ನನ್ನನ್ನು ತಿನ್ನು’ ಎಂಬ ಕರೆ ಅದೇ. ಅನೆಕ್ಸಿನ್-5 ಎಂಬ ಪ್ರೋಟೀನ್ ಈ ಅಣುವಿಗೆ ಗಟ್ಟಿಯಾಗಿ ಅಂಟುತ್ತದೆ, ಆದರೆ ಕ್ಯಾಲ್ಸಿಯಂ ಇದ್ದರೆ ಮಾತ್ರ. ಆದ್ದರಿಂದಲೇ ಅದರ ಬಫರ್‌ನಲ್ಲಿ 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಪ್ರೊಪಿಡಿಯಂ ಅಯೋಡೈಡ್, ಅಂದರೆ ನಾವು ಪ್ರಯೋಗಾಲಯದಲ್ಲಿ ಪಿಐ ಎನ್ನುವ ಕೆಂಪು ಬಣ್ಣ, ಗಟ್ಟಿಪೊರೆಯನ್ನು ದಾಟಲಾರದು. ಪೊರೆ ಸೋರಿದರೆ ಒಳನುಗ್ಗಿ ಡಿಎನ್‌ಎಯ ಮೆಟ್ಟಿಲುಗಳ ನಡುವೆ ಸೇರಿಕೊಳ್ಳುತ್ತದೆ, ಆಗ ಅದರ ಹೊಳಪು ಇಪ್ಪತ್ತು ಮೂವತ್ತು ಪಟ್ಟು ಏರುತ್ತದೆ.

ಈ ಎರಡನ್ನು ಸೇರಿಸಿದರೆ ನಾಲ್ಕು ಮನೆಗಳ ಚಿತ್ರ ಸಿಗುತ್ತದೆ. ಎರಡೂ ಇಲ್ಲದವು ಬದುಕಿರುವ ಕೋಶಗಳು. ಅನೆಕ್ಸಿನ್ ಮಾತ್ರ ಹಿಡಿದವು ಅಪೊಪ್ಟೋಸಿಸ್‌ನ ಮೊದಲ ಹಂತದವು. ಎರಡನ್ನೂ ಹಿಡಿದವನ್ನು ‘ತಡವಾದ ಅಪೊಪ್ಟೋಸಿಸ್’ ಎಂದು ಕಿಟ್‌ನ ಕೈಪಿಡಿಗಳು ಕರೆಯುತ್ತವೆ. ಈ ಹೆಸರಿನ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ನೆಕ್ರೋಸಿಸ್‌ನಿಂದ ಪೊರೆ ಹರಿದ ಕೋಶದಲ್ಲಿ ಏನಾಗುತ್ತದೆ ಎಂದು ಯೋಚಿಸಿ: ತೂತಿನ ಮೂಲಕ ಪಿಐ ಒಳಗೆ ಹೋಗುತ್ತದೆ, ಅದೇ ತೂತಿನ ಮೂಲಕ ಅನೆಕ್ಸಿನ್ ಕೂಡ ಒಳಗೆ ಹೋಗಿ ಒಳಪದರದಲ್ಲೇ ಇರುವ ಫಾಸ್ಫಟಿಡೈಲ್‌ಸೆರೀನ್‌ಗೆ ಅಂಟಿಕೊಳ್ಳುತ್ತದೆ. ಹೊರಗಿನಿಂದ ನೋಡುವ ಲೇಸರ್‌ಗೆ ಎರಡೂ ಒಂದೇ. ಇತ್ತ ನಿಜವಾಗಿ ಅಪೊಪ್ಟೋಸಿಸ್ ಹಾದಿಯಲ್ಲಿ ಬಂದ ಕೋಶವೂ ಕೊನೆಗೆ ಸೇರುವುದು ಅದೇ ಮನೆಯನ್ನು. ದೇಹದಲ್ಲಾದರೆ ಭಕ್ಷಕ ಕೋಶ ಬಂದು ಅದನ್ನು ಮೊದಲೇ ನುಂಗಿರುತ್ತಿತ್ತು. ಪ್ಲೇಟಿನಲ್ಲಿ ನುಂಗುವವರು ಯಾರೂ ಇಲ್ಲವಾದ್ದರಿಂದ ಸತ್ತ ಕೋಶ ಅಲ್ಲೇ ಉಳಿದು, ಕೆಲವು ಗಂಟೆಗಳಲ್ಲಿ ಪೊರೆ ಶಿಥಿಲವಾಗಿ ಸೋರತೊಡಗುತ್ತದೆ.

ಅಂದರೆ ನಿಮ್ಮ ಶೇ 40 ಕೋಶಗಳು ಈಗ ಎಲ್ಲಿವೆ ಎಂಬುದು ಗೊತ್ತಾಯಿತು. ಯಾವ ದಾರಿಯಲ್ಲಿ ಬಂದವು ಎಂಬುದು 24 ಗಂಟೆಯ ಒಂದೇ ಚಿತ್ರದಿಂದ ಗೊತ್ತಾಗುವುದಿಲ್ಲ. ದಾರಿ ಗೊತ್ತಾಗಬೇಕಾದರೆ ಮೊದಲೇ ಹೋಗಿ ಕಾಯಬೇಕು. 2, 4, 8, 12, 18, 24 ಗಂಟೆಗಳಿಗೆ ಒಂದೊಂದು ಪ್ಲೇಟ್ ಇಡಿ. ಅನೆಕ್ಸಿನ್ ಮಾತ್ರ ಹಿಡಿದ ಮನೆ ಮೊದಲು ತುಂಬಿ, ಆಮೇಲೆ ಅದು ಬರಿದಾಗುತ್ತ ಎರಡೂ ಹಿಡಿದ ಮನೆ ತುಂಬಿದರೆ, ಅಪೊಪ್ಟೋಸಿಸ್ ಎನ್ನಲು ಬಲವಾದ ಆಧಾರ. ಅನೆಕ್ಸಿನ್ ಮಾತ್ರದ ಮನೆಯಲ್ಲಿ ಯಾವ ಗಂಟೆಯಲ್ಲೂ ಜನವೇ ಸೇರದೆ ಕೋಶಗಳು ನೇರವಾಗಿ ಎರಡೂ ಬಣ್ಣ ಹಿಡಿದರೆ ನಾನಂತೂ ಅನುಮಾನಿಸುತ್ತೇನೆ. ಇಲ್ಲೊಂದು ಎಚ್ಚರಿಕೆ: ನೆಕ್ರಾಪ್ಟೋಸಿಸ್ ಎಂಬ, ಕ್ಯಾಸ್ಪೇಸ್ ಇಲ್ಲದೆಯೇ ನಡೆಯುವ ಇನ್ನೊಂದು ಕ್ರಮಬದ್ಧ ಸಾವಿನಲ್ಲೂ ಪೊರೆ ಒಡೆಯುವ ಮೊದಲೇ ಫಾಸ್ಫಟಿಡೈಲ್‌ಸೆರೀನ್ ಹೊರಗೆ ಬರುವುದುಂಟು. ಹಾಗಾಗಿ ಕಾಲಕ್ರಮ ಬಲವಾದ ಸಾಕ್ಷಿಯೇ ಹೊರತು ಅದೊಂದೇ ಸಾಲದು.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಯಂತ್ರದ ಮುಂದೆ ಅಲ್ಲ, ಅದಕ್ಕೂ ಅರ್ಧ ಗಂಟೆ ಮೊದಲು. ನಾನು ಸಂಶೋಧನೆ ಆರಂಭಿಸಿದ ಕಾಲದಲ್ಲಿ ಒಂದು ಔಷಧವನ್ನು ತಿಂಗಳುಗಟ್ಟಲೆ ಪರೀಕ್ಷಿಸಿ ‘ಪರಿಣಾಮವಿಲ್ಲ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದೆ. ಒಂದು ದಿನ ಹಿರಿಯರೊಬ್ಬರು ನನ್ನ ಪಕ್ಕ ನಿಂತು ನೋಡಿ, ‘ಆ ಮೇಲಿನ ದ್ರವವನ್ನು ಏಕೆ ಚೆಲ್ಲುತ್ತಿದ್ದೀರಿ?’ ಎಂದು ಕೇಳಿದರು. ತಳಕ್ಕೆ ಅಂಟಿ ಬೆಳೆಯುವ ಕೋಶಗಳು ಸಾಯುವಾಗ ಹಿಡಿತ ಬಿಟ್ಟು ತೇಲುತ್ತವೆ. ನಾನು ಸತ್ತವನ್ನೆಲ್ಲ ಚೆಲ್ಲಿ, ಉಳಿದವನ್ನು ತೊಳೆದು, ಎಲ್ಲವೂ ಬದುಕಿವೆ ಎಂದು ಎಣಿಸುತ್ತಿದ್ದೆ. ಅಂದಿನಿಂದ ಯಾರ ಫಲಿತಾಂಶ ನೋಡಿದರೂ ನನ್ನ ಮೊದಲ ಪ್ರಶ್ನೆ ಇದೇ: ತೇಲುವ ಕೋಶಗಳನ್ನೂ ಸೇರಿಸಿಕೊಂಡಿರಾ?

ಎಂಸಿಎಫ್-7 ತಳಕ್ಕೆ ಅಂಟುವ ಜಾತಿ, ಆದ್ದರಿಂದ ಅದನ್ನು ಬಿಡಿಸುವ ಕ್ರಮವೂ ಮುಖ್ಯ. ಉಜ್ಜಿ ಕೆರೆದರೆ ಪೊರೆ ಹರಿಯುತ್ತದೆ, ಬದುಕಿದ್ದ ಕೋಶವೂ ಪಿಐ ಹಿಡಿಯುತ್ತದೆ. ಕೋಶಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಹೆಚ್ಚು ಹೊತ್ತು ಬಿಟ್ಟರೂ ಪೊರೆಗೆ ಪೆಟ್ಟು. ಟ್ರಿಪ್ಸಿನ್ ಜೊತೆ ಸಾಮಾನ್ಯವಾಗಿ ಇಡಿಟಿಎ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಕಬಳಿಸುವ ರಾಸಾಯನಿಕ. ಸರಿಯಾಗಿ ತೊಳೆಯದೆ ಅನೆಕ್ಸಿನ್ ಹಾಕಿದರೆ, ಅಂಟಲು ಕ್ಯಾಲ್ಸಿಯಂ ಸಿಗದೆ ನಿಜವಾದ ಅಪೊಪ್ಟೋಸಿಸ್ ಕೂಡ ಕಾಣುವುದಿಲ್ಲ. ಅಕ್ಯುಟೇಸ್‌ನಂತಹ ಸೌಮ್ಯ ಕಿಣ್ವ ಮೇಲು. ಬಣ್ಣ ಹಾಕಿ ಕತ್ತಲಲ್ಲಿ ಹದಿನೈದು ನಿಮಿಷ ಇಟ್ಟು, ತೊಳೆಯದೆ ಬಫರ್ ಸೇರಿಸಿ, ಒಂದು ಗಂಟೆಯೊಳಗೆ ಯಂತ್ರದಲ್ಲಿ ಓದಿ ಮುಗಿಸಿ. ಪಿಐ ಹಾಕುವ ಮೊದಲು ಕೋಶಗಳನ್ನು ಫಾರ್ಮಾಲಿನ್ ಅಥವಾ ಆಲ್ಕೊಹಾಲ್‌ನಲ್ಲಿ ಸ್ಥಿರಗೊಳಿಸಲೇಬಾರದು. ಸ್ಥಿರಗೊಳಿಸಿದ ಪೊರೆ ಸೋರುತ್ತದೆ, ಆಗ ಬದುಕಿದ್ದವೂ ಸತ್ತವೂ ಒಂದೇ ಬಣ್ಣ. ಇನ್ನೂ ಒಂದು ಸಂಗತಿ: ಪಿಐ ಆರ್‌ಎನ್‌ಎಗೂ ಅಂಟುತ್ತದೆ. ದೊಡ್ಡ ಗಾತ್ರದ, ಆರ್‌ಎನ್‌ಎ ತುಂಬಿದ ಕೋಶಗಳಲ್ಲಿ ಇದರಿಂದ ಸುಳ್ಳು ಕೆಂಪು ಬರುವುದುಂಟು.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಪದ ‘ಸಸ್ಯಸಾರ’. ಸಾರಕ್ಕೆ ತನ್ನದೇ ಹೊಳಪು ಇರಬಹುದಲ್ಲವೇ? ಎಲೆಯ ಸಾರದಲ್ಲಿ ಪತ್ರಹರಿತ್ತು ಉಳಿದಿದ್ದರೆ ಅದು 680 ನ್ಯಾನೋಮೀಟರ್ ಆಸುಪಾಸಿನಲ್ಲಿ ಕಡುಗೆಂಪಾಗಿ ಹೊಳೆಯುತ್ತದೆ, ಪಿಐ ಓದುವ ಕಿಟಕಿಗೆ ಸೋರಿ ಬರುತ್ತದೆ. ಅರಿಶಿನದ ಕರ್ಕ್ಯುಮಿನ್ ಹಸಿರಾಗಿ ಹೊಳೆದು ಅನೆಕ್ಸಿನ್‌ನ ಹಸಿರಿನೊಳಗೆ ಬೆರೆಯುತ್ತದೆ. ಸಸ್ಯಗಳಷ್ಟೇ ಅಲ್ಲ, ಡಾಕ್ಸೊರುಬಿಸಿನ್ ಎಂಬ ಪ್ರಸಿದ್ಧ ಕ್ಯಾನ್ಸರ್ ಔಷಧ ಕೋಶಕೇಂದ್ರದಲ್ಲಿ ಕುಳಿತು 590 ನ್ಯಾನೋಮೀಟರ್ ಹತ್ತಿರ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಅದನ್ನು ಕೊಟ್ಟ ಕೋಶಗಳು ಬದುಕಿದ್ದರೂ ಪಿಐ ಹಿಡಿದಂತೆಯೇ ತೋರುತ್ತವೆ. ಇದನ್ನು ಪತ್ತೆ ಮಾಡಲು ಬೇಕಾದುದು ಒಂದೇ ಒಂದು ನಳಿಗೆ: ಸಾರ ಕೊಟ್ಟ, ಆದರೆ ಯಾವ ಬಣ್ಣವನ್ನೂ ಹಾಕದ ಕೋಶಗಳು. ಬಹುತೇಕರು ಸಾರ ಕೊಡದ, ಬಣ್ಣ ಹಾಕದ ಕೋಶಗಳನ್ನಷ್ಟೇ ಇಟ್ಟಿರುತ್ತಾರೆ. ನಿಮ್ಮ ಶೇ 40ರಲ್ಲಿ ಎಷ್ಟು ಪಾಲು ಸಾರದ್ದೇ ಹೊಳಪು ಎಂದು ನಾಳೆಯೇ ನೋಡಿ, ಉಳಿದದ್ದೆಲ್ಲ ಆಮೇಲೆ.

ಹಸಿರು ಬಣ್ಣದ ಬಾಲ ಕೆಂಪಿನ ಕಿಟಕಿಗೂ ಚಾಚಿರುತ್ತದೆ. ಅನೆಕ್ಸಿನ್‌ಗೆ ಕಟ್ಟುವ ಎಫ್‌ಐಟಿಸಿ ಎಂಬ ಹಸಿರು ಬಣ್ಣ 520 ನ್ಯಾನೋಮೀಟರ್ ಹತ್ತಿರ ಗರಿಷ್ಠವಾಗಿ ಹೊಳೆದರೂ ಅದರ ಬೆಳಕು ಅಲ್ಲಿಗೇ ನಿಲ್ಲುವುದಿಲ್ಲ. ಅದನ್ನು ಕಳೆಯುವ ಲೆಕ್ಕಕ್ಕೆ ಕಾಂಪೆನ್ಸೇಶನ್ ಎನ್ನುತ್ತೇವೆ. ಅದಕ್ಕೆ ಅನೆಕ್ಸಿನ್ ಮಾತ್ರ ಹಾಕಿದ ಒಂದು ನಳಿಗೆ, ಪಿಐ ಮಾತ್ರ ಹಾಕಿದ ಇನ್ನೊಂದು ನಳಿಗೆ ಬೇಕು. ಅವುಗಳಲ್ಲಿ ನಿಜವಾಗಿ ಸಾಯುತ್ತಿರುವ ಕೋಶಗಳೇ ಇರಬೇಕು. ಹೊಳಪೇ ಇಲ್ಲದ ಕೋಶದಿಂದ ಸೋರಿಕೆಯನ್ನು ಅಳೆಯಲಾಗದು. ಅಪೊಪ್ಟೋಸಿಸ್ ಉಂಟುಮಾಡುವ ಸ್ಟಾರೊಸ್ಪೊರಿನ್ ಎಂಬ ರಾಸಾಯನಿಕವನ್ನು 1 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಕೆಲವು ಗಂಟೆ ಕೊಟ್ಟರೆ ಹೀಲಾ, ಜರ್ಕಾಟ್‌ನಂತಹ ಕೋಶವಂಶಗಳಲ್ಲಿ ಒಳ್ಳೆಯ ಅಪೊಪ್ಟೋಸಿಸ್ ಸಿಗುತ್ತದೆ. ಸಾಯುವ ಕೋಶ ಕುಗ್ಗುವುದರಿಂದ, ಕಸವನ್ನು ತೆಗೆಯುವ ಭರದಲ್ಲಿ ಚಿಕ್ಕ ಗಾತ್ರದವನ್ನೆಲ್ಲ ಗೇಟ್‌ನ, ಅಂದರೆ ಎಣಿಕೆಗೆ ಆರಿಸಿಕೊಳ್ಳುವ ಗಡಿಯ, ಹೊರಗಿಡಬೇಡಿ.

ಇನ್ನು ಕ್ಯಾಸ್ಪೇಸ್. ಕ್ಯಾಸ್ಪೇಸ್-3 ಇಲ್ಲದಿದ್ದರೂ ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-7 ಇದೆ, ಅದು ಕೆಲಸವನ್ನೂ ಮಾಡುತ್ತದೆ. ಎರಡೂ ಕಿಣ್ವಗಳು ಡಿಇವಿಡಿ ಎಂಬ ನಾಲ್ಕು ಅಮೈನೋ ಆಮ್ಲಗಳ ಸಾಲನ್ನು ಗುರುತಿಸಿ ಕತ್ತರಿಸುತ್ತವೆ. ಈ ಸಾಲಿಗೆ ಕಟ್ಟಿದ, ಕಟ್ಟಿರುವವರೆಗೆ ಹೊಳೆಯದ ಬಣ್ಣಗಳು ಸಿಗುತ್ತವೆ. ಜೀವಂತ ಕೋಶಕ್ಕೆ ಹಾಕಿದರೆ ಅವು ಸುಮ್ಮನೆ ಒಳಗೆ ಹೋಗಿ ಕಾದಿರುತ್ತವೆ. ಕ್ಯಾಸ್ಪೇಸ್ ಎಚ್ಚೆತ್ತು ಸಾಲನ್ನು ಕತ್ತರಿಸಿದಾಗ ಬಣ್ಣ ಬಿಡುಗಡೆಯಾಗಿ ಡಿಎನ್‌ಎಗೆ ಅಂಟಿ ಕೋಶಕೇಂದ್ರವೇ ಹಸಿರಾಗಿ ಬೆಳಗುತ್ತದೆ. ನಿಮ್ಮ ಪ್ರತಿಕಾಯ ಸೋತ ಕಡೆ ಈ ಬಣ್ಣ ಗೆಲ್ಲಬಹುದು. ಅದು ಪ್ರೋಟೀನ್ ಇದೆಯೇ ಎಂದು ಕೇಳುವುದಿಲ್ಲ, ಕತ್ತರಿಸುವ ಕೆಲಸ ನಡೆಯುತ್ತಿದೆಯೇ ಎಂದು ಕೇಳುತ್ತದೆ. ಪ್ರೋಟೀನ್ ಕತ್ತರಿಸುವ ಬೇರೆ ಕಿಣ್ವಗಳೂ ಈ ಸಾಲನ್ನು ಅಲ್ಪಸ್ವಲ್ಪ ಕತ್ತರಿಸುತ್ತವೆ ಎಂಬ ದೋಷ ಇದಕ್ಕಿದೆ.

ಆ ದೋಷಕ್ಕೆ ಮದ್ದು, ಹಾಗೆಯೇ ನಿಮ್ಮ ಇಡೀ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಡಬಲ್ಲ ಪ್ರಯೋಗ, ನನ್ನ ಮಟ್ಟಿಗೆ, ಬಣ್ಣದ ಪ್ರಯೋಗವಲ್ಲ; ತಡೆಯ ಪ್ರಯೋಗ. ಝಡ್‌ವ್ಯಾಡ್-ಎಫ್‌ಎಂಕೆ ಎಂಬ ಅಣು ಬಹುತೇಕ ಎಲ್ಲ ಕ್ಯಾಸ್ಪೇಸ್‌ಗಳನ್ನೂ ಕಟ್ಟಿಹಾಕುತ್ತದೆ. ಸಾರ ಕೊಡುವ ಒಂದು ಗಂಟೆ ಮೊದಲು ಅದನ್ನು 20ರಿಂದ 50 ಮೈಕ್ರೋಮೋಲಾರ್ ಮಟ್ಟದಲ್ಲಿ ಕೊಡಿ. ಆಗ ಅನೆಕ್ಸಿನ್ ಹಿಡಿದ ಕೋಶಗಳು ಗಣನೀಯವಾಗಿ ಇಳಿದರೆ, ಸಾವು ಕ್ಯಾಸ್ಪೇಸ್‌ಗಳ ಮೂಲಕವೇ ಬರುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು. ಇಳಿಯದಿದ್ದರೆ ಬೇರೆ ದಾರಿಗಳನ್ನು ಹುಡುಕಬೇಕು: ನೆಕ್ರಾಪ್ಟೋಸಿಸ್ ತಡೆಯಲು ನೆಕ್ರೊಸ್ಟಾಟಿನ್-1, ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕಮಟುವ ಫೆರಾಪ್ಟೋಸಿಸ್ ಎಂಬ ಸಾವನ್ನು ತಡೆಯಲು ಫೆರೊಸ್ಟಾಟಿನ್-1. ನೆಕ್ರಾಪ್ಟೋಸಿಸ್‌ಗೆ ಅಗತ್ಯವಾದ ರಿಪ್‌ಕೆ-3 ಪ್ರೋಟೀನ್ ಅನೇಕ ಕ್ಯಾನ್ಸರ್ ಕೋಶವಂಶಗಳಲ್ಲಿ ಮೌನವಾಗಿರುತ್ತದೆ. ಅದು ನಿಮ್ಮ ಕೋಶಗಳಲ್ಲಿ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಆ ದಾರಿಗೆ ಹೋಗುವ ಶ್ರಮ ಉಳಿಯುತ್ತದೆ.

ಟನೆಲ್ ಬಗ್ಗೆ ಸ್ವಲ್ಪ. 1992ರಲ್ಲಿ ಬಂದ ಈ ವಿಧಾನ ಅಂಗಾಂಶದ ತೆಳು ಹಾಳೆಗಳಿಗೆ ಇಂದಿಗೂ ಉಪಯುಕ್ತ. ಡಿಎನ್‌ಎ ತುಂಡಾದಾಗ ಪ್ರತಿ ತುಂಡಿಗೂ ಒಂದು ಹೊಸ ತುದಿ ಹುಟ್ಟುತ್ತದೆ. ಟಿಡಿಟಿ ಎಂಬ ಕಿಣ್ವ ಆ ತುದಿಗೆ ಹೊಳೆಯುವ ನ್ಯೂಕ್ಲಿಯೊಟೈಡ್‌ಗಳನ್ನು ಪೋಣಿಸುತ್ತದೆ. ಆದರೆ ತುದಿ ಹೇಗೆ ಹುಟ್ಟಿತು ಎಂದು ಅದು ಕೇಳುವುದಿಲ್ಲ. ನೆಕ್ರೋಸಿಸ್‌ನ ಡಿಎನ್‌ಎ, ಸ್ಥಿರಗೊಳಿಸುವಾಗ ಹಾಳಾದ ಡಿಎನ್‌ಎ, ಪ್ರೋಟಿನೇಸ್-ಕೆ ಎಂಬ ಕಿಣ್ವ ಹೆಚ್ಚಾಗಿ ಕೆದಕಿದ ಡಿಎನ್‌ಎ, ಎಲ್ಲವೂ ಹೊಳೆಯಬಹುದು. ಡಿಎನ್‌ಏಸ್-1 ಹಾಕಿ ಬೇಕೆಂದೇ ತುಂಡರಿಸಿದ ಒಂದು ಸ್ಲೈಡ್, ಟಿಡಿಟಿ ಇಲ್ಲದ ಇನ್ನೊಂದು ಸ್ಲೈಡ್ ಪಕ್ಕದಲ್ಲಿ ಇಲ್ಲದಿದ್ದರೆ ಟನೆಲ್ ಚಿತ್ರವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ಡಿಎನ್‌ಏಸ್ ಸ್ಲೈಡ್ ಪ್ರಖರವಾಗಿದ್ದು ಸಾರದ ಸ್ಲೈಡ್ ಮಂದವಾಗಿದ್ದರೆ, ಅದು ಕ್ಯಾಸ್ಪೇಸ್-3 ಇಲ್ಲದ ಕೋಶದ ಸಹಜ ಚಿತ್ರವೆಂದು ಓದಬಹುದು. ಡಿಎನ್‌ಏಸ್ ಸ್ಲೈಡ್ ಕೂಡ ಮಂದವಾಗಿದ್ದರೆ ಕಿಟ್ ಅಥವಾ ಕೋಶಕ್ಕೆ ರಂಧ್ರ ಮಾಡುವ ಹಂತ ಕೆಟ್ಟಿದೆ.

ಮೈಟೊಕಾಂಡ್ರಿಯದ ವಿದ್ಯುತ್ ಅಳೆಯುವ ಜೆಸಿ-1 ಬಣ್ಣವನ್ನು ಕೂಡ ಅನೇಕರು ಸೇರಿಸುತ್ತಾರೆ. ಕೆಂಪು ಹಸಿರಾದರೆ ವಿದ್ಯುತ್ ಕುಸಿದಿದೆ ಎಂದಷ್ಟೇ ಅರ್ಥ. ಬೇರೆ ಬಗೆಯ ಸಾವುಗಳಲ್ಲೂ ಅದು ಕುಸಿಯುತ್ತದೆ. ನಿಮ್ಮ ಸಮಸ್ಯೆಗೆ ಸದ್ಯ ಅದು ಬೇಡ.

ಬದಲಿಗೆ ಸೂಕ್ಷ್ಮದರ್ಶಕದ ಬಳಿಗೆ ಹೋಗಿ. ಹೋಕ್ಸ್ಟ್ 33342 ಅಗ್ಗದ, ಹಳೆಯ, ನೀಲಿ ಬಣ್ಣ. ಜೀವಂತ ಕೋಶದ ಪೊರೆಯನ್ನೂ ದಾಟಿ ಡಿಎನ್‌ಎಗೆ ಅಂಟುತ್ತದೆ. ಆರೋಗ್ಯವಂತ ಕೋಶಕೇಂದ್ರ ಮಂದ ನೀಲಿಯ ನಯವಾದ ಮೊಟ್ಟೆಯಂತೆ ಕಾಣುತ್ತದೆ. ಅಪೊಪ್ಟೋಸಿಸ್ ಆದದ್ದು ಮುದುಡಿ, ಪ್ರಖರವಾಗಿ, ಬಿಡಿ ಬಿಡಿ ಮಣಿಗಳಾಗಿರುತ್ತದೆ. 1972ರಲ್ಲಿ ಆ ಮೂವರು ಅಪೊಪ್ಟೋಸಿಸ್‌ಗೆ ಹೆಸರಿಟ್ಟಿದ್ದು ಕೋಶದ ರೂಪವನ್ನು ಕಣ್ಣಾರೆ ನೋಡಿಯೇ. ಇಂದು ಯಂತ್ರ ಕೊಡುವ ಶೇಕಡಾವಾರಿನ ಮುಂದೆ ಆ ನೋಟವನ್ನು ನಾವು ಕಡೆಗಣಿಸುತ್ತಿದ್ದೇವೆ ಎಂಬ ಬೇಸರ ನನಗಿದೆ. ಯಾವ ಸ್ಲೈಡ್ ಯಾವುದೆಂದು ನಿಮಗೇ ತಿಳಿಯದಂತೆ ಗೆಳತಿಯೊಬ್ಬರಿಂದ ಚೀಟಿ ಮುಚ್ಚಿಸಿ, ಪ್ರತಿ ಸ್ಲೈಡಿನಲ್ಲಿ ಕನಿಷ್ಠ ಇನ್ನೂರು ಕೋಶಕೇಂದ್ರಗಳನ್ನು ಎಣಿಸಿ. ಎಂಸಿಎಫ್-7ರಲ್ಲಿ ಮಣಿಗಳಾಗಿ ಒಡೆಯುವುದು ಅಪೂರ್ಣವಾಗಿರಬಹುದು, ಮುದುಡುವಿಕೆಯನ್ನು ಗಮನಿಸಿ. ಇದೇ ಕಾರಣಕ್ಕೆ ಕ್ಯಾಸ್ಪೇಸ್-3 ಇರುವ ಹೀಲಾದಂತಹ ಇನ್ನೊಂದು ಕೋಶವಂಶಕ್ಕೂ ಅದೇ ಸಾರವನ್ನು ಕೊಟ್ಟು ಜೊತೆಯಲ್ಲೇ ನೋಡಬೇಕು. ಅಲ್ಲಿ ಪ್ರತಿಕಾಯವೂ ಟನೆಲ್ ಕೂಡ ಹೊಳೆದರೆ, ಎಂಸಿಎಫ್-7ರಲ್ಲಿ ಹೊಳೆಯದಿದ್ದುದರ ಹೊಣೆ ಭಾಗ ಕಳೆದುಕೊಂಡ ಆ ಜೀನಿನದೇ ಎನ್ನಲು ಬಲ ಬರುತ್ತದೆ.

ಪ್ರಬಂಧ ಬರೆಯುವಾಗ ಎರಡೂ ಬಣ್ಣ ಹಿಡಿದವನ್ನು ‘ತಡವಾದ ಅಪೊಪ್ಟೋಸಿಸ್’ ಎನ್ನದೆ ‘ಅನೆಕ್ಸಿನ್ ಮತ್ತು ಪಿಐ ಎರಡನ್ನೂ ಹಿಡಿದ ಕೋಶಗಳು’ ಎಂದೇ ಬರೆಯಿರಿ. ಝಡ್‌ವ್ಯಾಡ್ ಫಲಿತಾಂಶ ಬಂದ ಮೇಲೆ ಮಾತ್ರ ಅಪೊಪ್ಟೋಸಿಸ್ ಎಂಬ ಪದ ಬಳಸಿ. ಬಣ್ಣ ಹಾಕದ, ಸಾರ ಕೊಟ್ಟ ನಳಿಗೆಯ ಚಿತ್ರವನ್ನೂ 4 ಮತ್ತು 8 ಗಂಟೆಗಳ ಚಿತ್ರಗಳನ್ನೂ ಸಾಧ್ಯವಾದರೆ ನನಗೆ ಕಳುಹಿಸಿ. ಆ ಅನೆಕ್ಸಿನ್ ಮಾತ್ರದ ಮನೆ ತುಂಬಿದೆಯೋ ಇಲ್ಲವೋ ಎಂದು ನೋಡುವ ಕುತೂಹಲ ನನಗೂ ಇದೆ.